ತೆಗೆಸಿಕೊಂಡವರು

ಸ್ಟುಡಿಯೋಗೆ ಹೋಗಿ ಬಂದವರನ್ನು ಕೇಳಿ. ‘ಫೋಟೋ ತೆಗೆಸಿಕೊಂಡು ಬಂದೆವು’ ಎನ್ನುತ್ತಾರೆ. ನಮ್ಮ ಕಡೆ ‘ಹೊಡೆಸಿಕೊಂಡು ಬಂದೆವು’ ಎಂದೂ ಹೇಳುವುದುಂಟು. ‘ತೆಗೆ’ ಎಂಬ ಧಾತುವಿಗೆ ‘ಇಸು’ ಸೇರಿ ಕೆಲಸ ಮಾಡಿಸುವವರು ಬಂದರು. ‘ಕೊಳ್ಳು’ ಸೇರಿ ಆ ಕೆಲಸದ ಫಲವೂ ಅವರಿಗೇ ಬಂತು. ಬಟ್ಟೆ ಹೊಲಿಸಿಕೊಂಡೆ, ಕಟಿಂಗ್ ಮಾಡಿಸಿಕೊಂಡೆ ಎನ್ನುವ ಸಾಲಿನಲ್ಲೇ ಇದೂ ನಿಲ್ಲುತ್ತದೆ. ಈ ವಾಕ್ಯದಲ್ಲಿ ಫೋಟೋಗ್ರಾಫರ್ ಎಲ್ಲಿದ್ದಾನೆ? ಇದ್ದಾನೆ, ಆದರೆ ಕರ್ತೃವಿನ ಜಾಗದಲ್ಲಿ ಇಲ್ಲ. ಕರ್ತೃ ಗಿರಾಕಿ.

ವ್ಯಾಕರಣದ ಈ ಸಣ್ಣ ಸಂಗತಿಗೆ ನಾನು ಅಂಟಿಕೊಳ್ಳಲು ಕಾರಣವಿದೆ. ನಾನು ಪಿಎಚ್.ಡಿ.ಗೆ ಓದುತ್ತಿರುವುದು ಶಾಸನಗಳಲ್ಲಿ ಬರುವ ಕುಶಲಕರ್ಮಿಗಳ ಹೆಸರುಗಳನ್ನು. ಅಲ್ಲಿ ದಿನವೂ ಎದುರಾಗುವುದು ಎರಡು ಕ್ರಿಯಾಪದಗಳು: ಮಾಡಿದ, ಮಾಡಿಸಿದ. ಬೇಲೂರಿನ ಚೆನ್ನಕೇಶವ ಗುಡಿಯನ್ನು 1117ರಲ್ಲಿ ಮಾಡಿಸಿದವನು ವಿಷ್ಣುವರ್ಧನ. ಅದರ ಮದನಿಕೆಗಳ ಕೆಳಗೆ ಹೆಸರು ಕೊರೆದುಕೊಂಡವರಲ್ಲಿ ಬಳ್ಳಿಗಾವೆಯ ದಾಸೋಜ ಇದ್ದಾನೆ, ಅವನ ಮಗ ಚಾವಣ ಇದ್ದಾನೆ. ಸೋಮನಾಥಪುರದ ಗುಡಿಯನ್ನು ಮಾಡಿಸಿದ್ದು ಸೋಮನಾಥ ದಂಡನಾಯಕ. ಅಲ್ಲಿನ ಎಷ್ಟೋ ಮೂರ್ತಿಗಳ ಪೀಠದಲ್ಲಿರುವುದು ಮಲ್ಲಿತಮ್ಮನ ಹೆಸರು. ಹೊಯ್ಸಳರ ಕಾಲದ ಈ ಕೆಲವು ಕಡೆಗಳಲ್ಲಾದರೂ ಎರಡೂ ಕ್ರಿಯಾಪದಗಳಿಗೆ ಅವುಗಳ ಕರ್ತೃಗಳು ಸಿಕ್ಕಿದ್ದಾರೆ. ಇದು ಎಷ್ಟು ಅಪರೂಪದ ಭಾಗ್ಯ ಎಂಬುದು ನನಗೆ ಹೊಳೆದದ್ದು ಮಾತ್ರ ಶಾಸನಗಳಿಂದಲ್ಲ, ಪಶ್ಚಿಮ ಆಫ್ರಿಕಾದ ಒಬ್ಬ ಸ್ಟುಡಿಯೋ ಮಾಲೀಕನ ಚಿತ್ರಗಳಿಂದ.

ಸೇದೂ ಕೇಯಿತಾ ಹುಟ್ಟಿದ್ದು ಸುಮಾರು 1921ರಲ್ಲಿ, ಇಂದಿನ ಮಾಲಿ ದೇಶದ ಬಮಾಕೊದಲ್ಲಿ. ಆಗ ಅದು ಫ್ರೆಂಚ್ ಸುಡಾನ್ ಎಂಬ ವಸಾಹತು. ಮರಗೆಲಸ ಕಲಿತ ಹುಡುಗ. 1935ರಲ್ಲಿ ಸೆನೆಗಲ್‌ನಿಂದ ಮರಳಿದ ಚಿಕ್ಕಪ್ಪ ಒಂದು ಕೊಡಾಕ್ ಬ್ರೌನಿ ತಂದುಕೊಟ್ಟ. ಫಿಲಂ, ಕಾಗದ ಮಾರುತ್ತಿದ್ದ ಪಿಯೆರ್ ಗಾರ್ನಿಯೆ ಎಂಬ ಫ್ರೆಂಚ್ ಅಂಗಡಿಯವನಿಂದಲೂ ಮೌಂಟಾಗಾ ಡೆಂಬೆಲೆ ಎಂಬ ಮೇಷ್ಟ್ರಿಂದಲೂ ಕತ್ತಲೆ ಕೋಣೆಯ ಕೆಲಸ ಕಲಿತು, 1948ರಲ್ಲಿ ಮನೆಯ ಜಾಗದಲ್ಲೇ ಸ್ವಂತ ಸ್ಟುಡಿಯೋ ತೆರೆದ. ಹಿಂದೆ ಸೆರೆಮನೆ, ಹತ್ತಿರದಲ್ಲೇ ಡಕಾರ್ ಕಡೆಯಿಂದ ಬರುವ ರೈಲಿನ ನಿಲ್ದಾಣ. ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಗುಮಾಸ್ತರು, ವ್ಯಾಪಾರಿಗಳು, ಹೊಸ ಮದುಮಕ್ಕಳು, ಬೇರೆ ಊರುಗಳಿಂದ ರೈಲಿಳಿದವರು, ಎಲ್ಲರೂ ಬಂದರು. ಮುದ್ರಿಸಿ ಕೊಟ್ಟ ಚಿತ್ರದ ಹಿಂದೆ ತನ್ನ ಹೆಸರಿನ ಮೊಹರು ಒತ್ತುತ್ತಿದ್ದ.

ಹೆಸರಿನ ಮೊಹರು ಎಂಬುದನ್ನು ನೆನಪಿಡಿ. ಏಕೆಂದರೆ 1991ರಲ್ಲಿ ನ್ಯೂಯಾರ್ಕಿನಲ್ಲಿ ‘ಆಫ್ರಿಕಾ ಎಕ್ಸ್‌ಪ್ಲೋರ್ಸ್’ ಎಂಬ ದೊಡ್ಡ ಪ್ರದರ್ಶನ ನಡೆದಾಗ ಅವನ ಚಿತ್ರಗಳನ್ನು ಹಾಕಿದ್ದು ‘ಅಜ್ಞಾತ ಛಾಯಾಗ್ರಾಹಕ’ ಎಂಬ ಚೀಟಿಯ ಮೇಲೆ. ಆ ಹೊತ್ತಿಗೆ ಅಜ್ಞಾತ ಛಾಯಾಗ್ರಾಹಕ ಬಮಾಕೊದಲ್ಲಿ, ನಿವೃತ್ತನಾಗಿ, ಎಂಜಿನ್‌ಗಳ ರಿಪೇರಿಯ ಹವ್ಯಾಸದಲ್ಲಿ ನೆಮ್ಮದಿಯಾಗಿದ್ದ. ಚಿತ್ರಗಳನ್ನು ಕಂಡು ಬೆರಗಾದ ಸಂಗ್ರಾಹಕ ಜ್ಯಾಂ ಪಿಗೋಜ್ಜಿ ತನ್ನ ಕಡೆಯಿಂದ ಆಂದ್ರೆ ಮಾನ್ಯಾಂ ಎಂಬ ಫ್ರೆಂಚ್ ಕ್ಯುರೇಟರನ್ನು ಮಾಲಿಗೆ ಕಳಿಸಿದ. ಬಮಾಕೊಗೆ ಹೋಗಿ ವಿಚಾರಿಸಿದರೆ ಸಿಗುವ ಹೆಸರು ಅದು, ಸಿಕ್ಕಿತು. 1994ರಲ್ಲಿ ಪ್ಯಾರಿಸ್ಸಿನ ಕಾರ್ತಿಯೆ ಫೌಂಡೇಶನ್‌ನಲ್ಲಿ ಏಕವ್ಯಕ್ತಿ ಪ್ರದರ್ಶನವಾಯಿತು. ಅಲ್ಲಿಂದ ಮುಂದೆ ಕೇಯಿತಾ ಇಪ್ಪತ್ತನೆಯ ಶತಮಾನದ ಮಹತ್ವದ ಭಾವಚಿತ್ರಕಾರರಲ್ಲಿ ಒಬ್ಬ.

ಒಳ್ಳೆಯ ಕತೆ. ಅನ್ಯಾಯ ಸರಿಹೋದ ಕತೆ. ಆದರೆ ಈಗ ಅದೇ ಚಿತ್ರಗಳ ಕೆಳಗಿನ ಚೀಟಿ ಓದಿ: ‘ಸೇದೂ ಕೇಯಿತಾ, ಶೀರ್ಷಿಕೆಯಿಲ್ಲ, 1952–55’. ತೆಗೆದವನ ಹೆಸರು ಬಂತು, ತೆಗೆಸಿಕೊಂಡವರ ಹೆಸರು ಹೋಯಿತು. ಶೀರ್ಷಿಕೆಯಿಲ್ಲ ಎಂಬುದು ಯೂರೋಪಿನ ಅಮೂರ್ತ ಚಿತ್ರಕಾರರು ಬೇಕೆಂದೇ ಆಯ್ದುಕೊಂಡ ಮಾತು. ದುಡ್ಡು ಕೊಟ್ಟು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ತನ್ನನ್ನು ಹೀಗೇ ತೋರಿಸಬೇಕೆಂದು ಬಂದು ನಿಂತ ಹೆಂಗಸಿನ ಚಿತ್ರಕ್ಕೆ ಅದನ್ನು ಅಂಟಿಸುವುದು ಹೇಗೆ? ಆ ಚಿತ್ರಕ್ಕೆ ಶೀರ್ಷಿಕೆ ಇದ್ದೇ ಇತ್ತು. ಆಕೆಯ ಮನೆಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು.

ಕೇಯಿತಾನ ಮೇಲೆ ಬಂದಿರುವ ವಿಮರ್ಶೆಯ ಬಗ್ಗೆ ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಅವನ ಚಿತ್ರಗಳನ್ನು ಮೆಚ್ಚಿ ಬರೆದವರು ಮುಖ್ಯವಾಗಿ ಮೂರು ಗುಣಗಳನ್ನು ಎತ್ತಿ ಹೇಳುತ್ತಾರೆ. ಒಂದೇ ನೋಟದಲ್ಲಿ ಹಿಡಿದ ಬಿಗುವು. ಹಿನ್ನೆಲೆಯ ಬಟ್ಟೆಯ ಬಳ್ಳಿ–ಹೂಗಳೂ ಉಡುಪಿನ ಬಳ್ಳಿ–ಹೂಗಳೂ ಬೆರೆತು ಹುಟ್ಟುವ ವಿನ್ಯಾಸ. ಕೈಗಡಿಯಾರ, ಪೆನ್ನು, ರೇಡಿಯೋಗಳ ಸಾಂಕೇತಿಕತೆ. ಮೂರೂ ನಿಜ. ಆದರೆ ಮೂರನ್ನೂ ಕಲಾವಿದನ ಮನಸ್ಸಿನೊಳಗಿಂದ ಬಂದವು ಎಂಬಂತೆ ಓದಿದಾಗ ಅಂಗಡಿ ಮಾಯವಾಗಿಬಿಡುತ್ತದೆ.

ಬಿಗುವನ್ನೇ ತೆಗೆದುಕೊಳ್ಳಿ. ಕೇಯಿತಾ ಸಾಮಾನ್ಯವಾಗಿ ಒಬ್ಬ ಗಿರಾಕಿಗೆ ಒಂದೇ ಫೋಟೋ ತೆಗೆಯುತ್ತಿದ್ದ. ಫಿಲಂ ದುಬಾರಿ, ಅದೂ ಸಮುದ್ರದಾಚೆಯಿಂದ ಬರಬೇಕು. ಎರಡನೆಯ ಫ್ರೇಮ್ ಎಂದರೆ ಅವತ್ತಿನ ಲಾಭದಲ್ಲಿ ಕಡಿತ. ಹಾಗಾಗಿ ಕೆಲಸವೆಲ್ಲ ಷಟರ್ ಒತ್ತುವ ಮೊದಲೇ ಮುಗಿಯಬೇಕಿತ್ತು. ಗಿರಾಕಿಯನ್ನು ಕೂರಿಸಿ, ಮುಖವನ್ನು ಸ್ವಲ್ಪ ಓರೆ ಮಾಡಿಸಿ, ಕೈ ಎಲ್ಲಿಡಬೇಕೆಂದು ಹೇಳಿ, ಉಡುಪಿನ ನೆರಿಗೆ ಹರಡಿಸಿ, ಆಮೇಲೆ ಒಂದೇ ಒಂದು ಕ್ಲಿಕ್. ಬೆಳಕು ಹೆಚ್ಚಾಗಿ ಅಂಗಳದ ಹಗಲು ಬೆಳಕು. ಇಷ್ಟು ಹೇಳಿದ ಮಾತ್ರಕ್ಕೆ ಚಿತ್ರದ ಸೊಗಸು ಫಿಲಂನ ಬೆಲೆಯಿಂದ ಬಂತು ಎಂದು ನಾನು ಹೇಳುತ್ತಿಲ್ಲ. ಅದೇ ಬೆಲೆಯ ಫಿಲಂ ಕೊಂಡ ಬೇರೆಯವರೂ ಇದ್ದರು, ಅವರೆಲ್ಲ ಕೇಯಿತಾ ಆಗಲಿಲ್ಲ. ಬೆಲೆ ಒಂದೇ ಸಲ ಎಂದು ಕಟ್ಟುಹಾಕಿತು. ಯಾವ ಕೋನ ಎಂಬುದನ್ನು ಬೆಲೆ ಹೇಳಲಾರದು. ನನ್ನ ಮಾತು ಇಷ್ಟೇ: ಆ ಸಂಯಮ ಅವನೊಬ್ಬನ ಸ್ವಭಾವವಷ್ಟೇ ಅಲ್ಲ, ಗಿರಾಕಿ ಮತ್ತು ಅವನ ನಡುವೆ ಇದ್ದ ಒಪ್ಪಂದ. ಆ ಒಂದು ಕ್ಷಣದಲ್ಲಿ ಅಲುಗದೆ ಇರುವುದು ಗಿರಾಕಿಯ ಪಾಲಿನ ಕೆಲಸ. ಅವರೂ ಅದನ್ನು ಚೆನ್ನಾಗಿ ಮಾಡಿದ್ದಾರೆ.

ಇನ್ನು ವಿನ್ಯಾಸ. ಮೊದಲ ಕೆಲವು ವರ್ಷ ಅವನ ಹಿಂದಿನ ಪರದೆ ಅವನದೇ ಮಂಚದ ಹೊದಿಕೆ, ಅಂಚಿಗೆ ಕುಚ್ಚು ಬಿಟ್ಟದ್ದು. ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಪರದೆ ಬದಲಾಯಿತು. ನೋಟುಬುಕ್ಕಿನಲ್ಲಿ ತಾರೀಖು ಬರೆದಿಡದ ಕೇಯಿತಾ ಇಳಿವಯಸ್ಸಿನಲ್ಲಿ ಚಿತ್ರಗಳ ಕಾಲ ಗುರುತಿಸಿದ್ದು ಈ ಪರದೆಗಳಿಂದಲೇ. ಚೀಟಿಯಲ್ಲಿ ಕಾಣುವ ‘1952–55’ ಎಂಬಂಥ ಸಡಿಲ ಇಸವಿಗಳ ಹಿಂದೆ ಇರುವುದು ಒಂದೊಂದು ಬಟ್ಟೆಯ ಆಯುಸ್ಸು. (ಲಿಪಿಯ ಬಳಸು ನೋಡಿ ಶಾಸನಕ್ಕೆ ಶತಮಾನ ಕಟ್ಟುವ ನಮ್ಮಂಥವರಿಗೆ ಇದು ಪರಿಚಿತ ಉಪಾಯ.) ಹಿನ್ನೆಲೆಯೂ ಉಡುಪೂ ಹೊಂದಿಕೊಂಡದ್ದರ ಬಗ್ಗೆ ಸ್ವತಃ ಕೇಯಿತಾ ಸಂದರ್ಶನದಲ್ಲಿ ಹೇಳಿದ್ದು, ಹೆಂಗಸರ ಬಟ್ಟೆಗೆ ಒಮ್ಮೊಮ್ಮೆ ಚೆನ್ನಾಗಿ ಹೊಂದುತ್ತಿತ್ತು, ಅದೆಲ್ಲ ಆಕಸ್ಮಿಕ ಎಂದು. ಈ ಮಾತನ್ನು ವಿನಯ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಅದು ವೃತ್ತಿಯ ನಿಖರ ವಿವರಣೆ ಅನ್ನಿಸುತ್ತದೆ. ಪರದೆ ಅವನದು, ಬಟ್ಟೆ ಅವಳದು. ಹೊಂದಿಕೆ ಇಬ್ಬರ ನಡುವೆ ಆದದ್ದು.

ಮಂಚದ ಮೇಲೆ ಒರಗಿ, ಚುಕ್ಕಿ ಚುಕ್ಕಿಯ ಉಡುಪು ಹರಡಿಕೊಂಡಿರುವ ಒಬ್ಬ ಹೆಂಗಸಿನ ಚಿತ್ರವಿದೆ. ಕೇಯಿತಾನ ಅತ್ಯಂತ ಪ್ರಸಿದ್ಧ ಚಿತ್ರಗಳಲ್ಲೊಂದು. ಕಲಾಲೋಕ ಅದಕ್ಕೆ ಇಟ್ಟ ಅಡ್ಡಹೆಸರು ‘ಓಡಲಿಸ್ಕ್’, ಫ್ರೆಂಚ್ ವರ್ಣಚಿತ್ರಗಳಲ್ಲಿ ಬರುವ ಜನಾನಾದ ಹೆಣ್ಣು. ಮಾತೀಸ್‌ನನ್ನು ಬಲ್ಲವರಿಗೆ ಆ ಭಂಗಿ ನೋಡಿದೊಡನೆ ಅವನು ನೆನಪಾಗುವುದು ಸಹಜ, ಹೋಲಿಕೆ ಓದುಗನ ಹಕ್ಕು ಕೂಡ. ಆದರೆ ಹೋಲಿಕೆಯೇ ಹೆಸರಾಗಿ ಕೂತಾಗ ತೊಂದರೆ. ಫ್ರೆಂಚ್ ಚಿತ್ರದ ಓಡಲಿಸ್ಕ್‌ಳನ್ನು ಮಲಗಿಸಿದವನು ಚಿತ್ರಕಾರ. ಅವನು ಅವಳಿಗೆ ಸಂಬಳ ಕೊಟ್ಟಿರುತ್ತಾನೆ. ಬಮಾಕೊದಲ್ಲಿ ದುಡ್ಡು ಕೊಟ್ಟವಳು ಮಲಗಿದವಳು. ಬೆರಳಿನ ನೀಳ, ಮೈಮೇಲಿನ ಆಭರಣ, ಬಟ್ಟೆಯ ಗಜಗಟ್ಟಲೆ ಅಗಲ, ಇವೆಲ್ಲ ಕಾಣಬೇಕೆಂದು ತೆಗೆಸಿಕೊಂಡ ಚಿತ್ರ ಅದು. ಒಂದು ರೂಪಾಯಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಪ್ರಶ್ನೆ ಸಾಹಿತ್ಯ ವಿಮರ್ಶೆಯಲ್ಲಿ ಒರಟಾಗಿ ಕೇಳಿಸುತ್ತದೆ, ಗೊತ್ತು. ಇಲ್ಲಿ ಮಾತ್ರ ಅದನ್ನು ಕೇಳದಿದ್ದರೆ ಚಿತ್ರದ ಅರ್ಥವೇ ತಲೆಕೆಳಗಾಗುತ್ತದೆ.

ವಸ್ತುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸ್ಟುಡಿಯೋದಲ್ಲಿ ಗಿರಾಕಿಗಳಿಗೆಂದು ಯೂರೋಪಿನ ಸೂಟುಗಳಿದ್ದವು, ಟೈ, ಟೋಪಿ, ಪೆನ್ನು, ಗಡಿಯಾರ, ಪ್ಲಾಸ್ಟಿಕ್ ಹೂ, ರೇಡಿಯೋ ಇದ್ದವು. ಸ್ಕೂಟರೂ ಇತ್ತು, ಕಾರೂ ಇತ್ತು. ಹಿಂದೆ ತೆಗೆದ ಚಿತ್ರಗಳನ್ನು ಗೋಡೆಗೆ ಹಾಕಿದ್ದ, ಬಂದವರು ‘ನನಗೆ ಇಂಥದ್ದು’ ಎಂದು ಬೆರಳು ತೋರಿಸುತ್ತಿದ್ದರು. ಮಾಲಿಯ ವಿದ್ವಾಂಸ ಮಾಂಥಿಯಾ ದಿಯಾವರಾ 1998ರ ಲೇಖನವೊಂದರಲ್ಲಿ, ಕೇಯಿತಾನ ಸ್ಟುಡಿಯೋ ಹಳ್ಳಿಯವರನ್ನು ಬಮಾಕೊ ಪಟ್ಟಣದವರನ್ನಾಗಿ ಮಾಡುತ್ತಿತ್ತು ಎಂಬ ಅರ್ಥದ ಮಾತನ್ನಾಡಿದ್ದಾರೆ. ನಾನು ಓದಿದವರಲ್ಲಿ ಗಿರಾಕಿಯ ಆಸೆಯನ್ನು ಗಂಭೀರವಾಗಿ ತೆಗೆದುಕೊಂಡವರು ಅವರೇ. ಆದರೂ ಅಲ್ಲಿ ‘ಮಾಡುತ್ತಿತ್ತು’ ಎಂಬ ಕ್ರಿಯಾಪದ ನನಗೆ ಚುಚ್ಚುತ್ತದೆ. ಆ ಹುಡುಗ ಪಟ್ಟಣದವನಾಗಲು ನಿರ್ಧರಿಸಿಯೇ ಸ್ಟುಡಿಯೋದ ಬಾಗಿಲಿಗೆ ಬಂದಿರುತ್ತಾನಲ್ಲ.

ಈ ವೃತ್ತಿಯ ಒಳಗನ್ನು ನಾನು ಪುಸ್ತಕದಿಂದಷ್ಟೇ ತಿಳಿದದ್ದಲ್ಲ. ನನ್ನ ಅಣ್ಣನದು ಅರಸೀಕೆರೆಯಲ್ಲಿ ಸ್ಟುಡಿಯೋ. ಆಷಾಢದಲ್ಲಿ ಪಾಸ್‌ಪೋರ್ಟ್ ಸೈಜು, ಜೆರಾಕ್ಸು, ಲ್ಯಾಮಿನೇಶನ್ನು. ಲಗ್ನದ ತಿಂಗಳುಗಳಲ್ಲಿ ನಿದ್ದೆಯಿಲ್ಲ. ಅಡ್ವಾನ್ಸ್ ತಗೊಂಡು ಮದುವೆ ಮುಗಿಸಿ ಫೋಟೋಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರೆ, ಆಲ್ಬಂಗೆ ಯಾವುದೆಂದು ಆರಿಸಿ ಕೊಡಲು ಮನೆಯವರು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಾರೆ. ಅಲ್ಲಿಯವರೆಗೆ ಬಾಕಿ ದುಡ್ಡೂ ಬರುವುದಿಲ್ಲ. ಅವರು ಆರಿಸುವುದು ಅವನಿಗೆ ಇಷ್ಟವಾದವನ್ನಲ್ಲ. ಧಾರೆಯ ಹೊತ್ತಿನಲ್ಲಿ ಮದುಮಗಳ ತಾಯಿ ಕಂಬಕ್ಕೊರಗಿ ನಿಂತದ್ದನ್ನು ಅವನು ಒಮ್ಮೆ ಎಷ್ಟು ಚೆನ್ನಾಗಿ ಹಿಡಿದಿದ್ದನೆಂದರೆ, ನಾನು ಅದನ್ನು ಎಲ್ಲಾದರೂ ಕಳಿಸು ಎಂದೆ. ಮನೆಯವರು ಆ ಚಿತ್ರವನ್ನು ಬಿಟ್ಟು, ನೆಂಟರೆಲ್ಲ ಸಾಲಾಗಿ ಸ್ಟೇಜಿನ ಮೇಲೆ ನಿಂತದ್ದನ್ನೇ ಎರಡು ಪುಟಕ್ಕೆ ಹಾಕಿಸಿದ್ದರು. ‘ಅಜ್ಜಿ ಮುಂದಿನ ವರ್ಷ ಇರ್ತಾರೋ ಇಲ್ವೋ, ಅವರಿಗೆ ಅದು ಮುಖ್ಯ ಕಣೋ. ನಂದು ಹಾರ್ಡ್‌ಡಿಸ್ಕಲ್ಲಿ ಇದೆ ಬಿಡು’ ಎಂದ ಅಣ್ಣ. ಅವನ ದನಿಯಲ್ಲಿ ಬೇಸರವೂ ಇತ್ತು, ಅವರು ಹೇಳುವುದೇ ಸರಿ ಎಂಬ ಒಪ್ಪಿಗೆಯೂ ಇತ್ತು. ಈ ಎರಡೂ ಒಟ್ಟಿಗೆ ಇರುವ ಮನಸ್ಸನ್ನು ವಿವರಿಸುವ ಪರಿಭಾಷೆ ನಾವು ಓದುವ ಕಲಾಮೀಮಾಂಸೆಯಲ್ಲಿ ನನಗಂತೂ ಸಿಕ್ಕಿಲ್ಲ. ಅಲ್ಲಿ ಕಲಾವಿದ ಇದ್ದಾನೆ, ಇಲ್ಲವೇ ಮಾರುಕಟ್ಟೆಗೆ ತನ್ನನ್ನು ಮಾರಿಕೊಂಡವನು ಇದ್ದಾನೆ.

ಕೇಯಿತಾನ ಕತೆಯಲ್ಲಿ ನನ್ನ ವಾದಕ್ಕೆ ಅಷ್ಟು ಸುಲಭವಾಗಿ ಬಗ್ಗದ ಒಂದು ಭಾಗವಿದೆ. ಗಿರಾಕಿಗಳು ಮನೆಗೆ ಒಯ್ದದ್ದು ಬಹುಪಾಲು 13 ಸೆಂಟಿಮೀಟರ್ ಅಗಲ 18 ಸೆಂಟಿಮೀಟರ್ ಉದ್ದದ ಚಿತ್ರಗಳು, ನೆಗೆಟಿವ್ ಎಷ್ಟಿತ್ತೋ ಅಷ್ಟೇ ಅಳತೆಯ ಕಾಂಟ್ಯಾಕ್ಟ್ ಪ್ರಿಂಟ್‌ಗಳು. ನಮ್ಮ ಸ್ಟುಡಿಯೋಗಳ ಭಾಷೆಯಲ್ಲಿ ಫೈವ್ ಬೈ ಸೆವೆನ್. ಕೈಯಲ್ಲಿ ಹಿಡಿದು ನೋಡುವಂಥದ್ದು, ಟಪಾಲಿನಲ್ಲಿ ಕಳಿಸುವಂಥದ್ದು. ತೊಂಬತ್ತರ ದಶಕದಲ್ಲಿ ಅದೇ ನೆಗೆಟಿವ್‌ಗಳಿಂದ ಗೋಡೆ ತುಂಬುವ ಮುದ್ರಣಗಳಾದವು, ಕೆಲವು ಒಂದು ಮೀಟರಿಗೂ ದೊಡ್ಡವು. ಹಳೆಯ ಮುದ್ರಣಗಳ ಮೆದು ಬೂದು ಛಾಯೆ ಹೋಗಿ ಕಪ್ಪು–ಬಿಳುಪು ಗಾಢವಾಯಿತು ಎಂಬ ಆಕ್ಷೇಪವೂ ಬಂತು. 2001ರಲ್ಲಿ ಕೇಯಿತಾ ತೀರಿಕೊಂಡ ಮೇಲೆ ನೆಗೆಟಿವ್‌ಗಳು ಯಾರ ಸ್ವತ್ತು ಎಂಬ ಜಗಳ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಚಿತ್ರವನ್ನು ಹಿಗ್ಗಿಸುವುದೂ ಒಂದು ಬಗೆಯ ವ್ಯಾಖ್ಯಾನ, ಅದರಲ್ಲೂ ಕೆಟ್ಟ ವ್ಯಾಖ್ಯಾನ ಎಂದು ಬರೆದು ಮುಗಿಸಿಬಿಡಬಹುದಿತ್ತು. ಮನೆಯ ಮಾತನ್ನು ಮೈಕಿನಲ್ಲಿ ಕೂಗಿ ಹೇಳಿದ ಹಾಗೆ.

ಆದರೆ ಕೇಯಿತಾ ಆ ದೊಡ್ಡ ಮುದ್ರಣಗಳನ್ನು ಮೊದಲ ಬಾರಿ ಕಂಡಾಗ ಸಂತೋಷಪಟ್ಟಿದ್ದ. ಕಲೆಯಿಲ್ಲದೆ, ಚೊಕ್ಕಟವಾಗಿ, ಅಷ್ಟು ದೊಡ್ಡದಾಗಿ ತನ್ನ ಚಿತ್ರಗಳನ್ನು ನೋಡಿದಾಗಲೇ ತನ್ನ ಕೆಲಸ ನಿಜವಾಗಿಯೂ ಒಳ್ಳೆಯದಿತ್ತು ಎಂದು ತಿಳಿಯಿತು ಎಂಬ ಅರ್ಥದ ಮಾತು ಅವನ ಸಂದರ್ಶನದಲ್ಲಿದೆ. ಎಪ್ಪತ್ತು ದಾಟಿದ ಒಬ್ಬ ಕಸುಬುದಾರ, ಗಿರಾಕಿಗಳು ಅಷ್ಟು ವರ್ಷ ಮನೆಗೆ ಒಯ್ದುಬಿಡುತ್ತಿದ್ದ ತನ್ನ ಕೆಲಸವನ್ನು ಮೊದಲ ಸಲ ಒಂದೇ ಕಡೆ, ತನ್ನದಾಗಿ ನೋಡುತ್ತಾನೆ. ಆ ಸಂತೋಷವನ್ನು ಪಶ್ಚಿಮದ ಮಾರುಕಟ್ಟೆಯ ಮಾಯೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅಣ್ಣನ ಹಾರ್ಡ್‌ಡಿಸ್ಕ್ ನೆನಪಾಗುತ್ತದೆ. ತೆಗೆಸಿಕೊಂಡವರ ಹಕ್ಕನ್ನು ಎತ್ತಿ ಹಿಡಿಯುವ ಭರದಲ್ಲಿ ತೆಗೆದವನಿಗೆ ಸಿಕ್ಕ ಆ ಒಂದು ಗೋಡೆಯನ್ನು ಕಿತ್ತುಕೊಳ್ಳಲು ನಾನು ಯಾರು?

ಹೆಸರು ಬೇಡವೆಂದವರೂ ಇದ್ದಾರೆ. ಪ್ಯಾರಿಸ್ಸಿನ ಯೂಜೆನ್ ಅಟ್ಜೆ ಮೂವತ್ತಕ್ಕೂ ಹೆಚ್ಚು ವರ್ಷ ಊರಿನ ಬೀದಿ, ಅಂಗಡಿ, ಬಾಗಿಲುಗಳ ಚಿತ್ರ ತೆಗೆದು ಚಿತ್ರಕಾರರಿಗೆ, ಗ್ರಂಥಾಲಯಗಳಿಗೆ ಮಾರಿ ಬದುಕಿದವನು. ‘ಕಲಾವಿದರಿಗೆ ದಾಖಲೆಗಳು’ ಎಂಬುದು ಅವನು ತನ್ನ ವ್ಯಾಪಾರಕ್ಕೆ ಕೊಟ್ಟುಕೊಂಡ ವಿವರ. 1926ರಲ್ಲಿ ಅದೇ ಬೀದಿಯ ಮ್ಯಾನ್ ರೇ ಅವನ ಚಿತ್ರಗಳನ್ನು ಸರ್ರಿಯಲಿಸ್ಟರ ಪತ್ರಿಕೆಗೆ ತೆಗೆದುಕೊಂಡಾಗ, ಹೆಸರು ಹಾಕಬೇಡ, ಇವು ಬರೀ ದಾಖಲೆಗಳು ಎಂದನಂತೆ. ಇದನ್ನೂ ಮುಗ್ಧತೆ ಎಂದು ಓದುವುದು ರೂಢಿ. ತನ್ನ ಅಂಗಡಿಯ ಬೋರ್ಡು ಯಾವುದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು ಎಂದು ಯಾಕೆ ಓದಬಾರದೋ.

ಕೇಯಿತಾ ಅರವತ್ತರ ದಶಕದ ಆರಂಭದಲ್ಲಿ ಸ್ವತಂತ್ರ ಮಾಲಿಯ ಸರ್ಕಾರಿ ಛಾಯಾಗ್ರಾಹಕನಾದ. ಸ್ವಂತ ಸ್ಟುಡಿಯೋ ಮುಚ್ಚಿತು. 1977ರಲ್ಲಿ ನಿವೃತ್ತನಾಗುವವರೆಗೆ ಅವನು ತೆಗೆದ ಸರ್ಕಾರಿ ಚಿತ್ರಗಳನ್ನು ಯಾರೂ ಗೋಡೆಗೆ ಹಾಕಿ ಹೊಗಳಿದ್ದನ್ನು ನಾನು ಕಂಡಿಲ್ಲ. ಅದೇ ಕಣ್ಣು, ಅದೇ ಕೈ. ಇಲ್ಲದ್ದು ಏನೆಂದರೆ ‘ನನಗೆ ಇಂಥದ್ದು’ ಎಂದು ಬೆರಳು ತೋರಿಸುವ ಗಿರಾಕಿ. ಇದಕ್ಕಿಂತ ಗಟ್ಟಿಯಾದ ಪುರಾವೆ ನನ್ನ ಬಳಿ ಇಲ್ಲ.

ಅದೇ ಹೊತ್ತಿಗೆ ಅದೇ ಊರಿನಲ್ಲಿ ಮಲಿಕ್ ಸಿದಿಬೆ ಎಂಬ ಹುಡುಗನ ಸ್ಟುಡಿಯೋ ಹೆಸರು ಮಾಡುತ್ತಿತ್ತು. ಕ್ಯಾಮೆರಾ ರಿಪೇರಿಯೂ ಅವನ ಉಪಕಸುಬು. 2007ರಲ್ಲಿ ವೆನಿಸ್ ಬಿಯೆನ್ನಾಲೆಯ ಜೀವಮಾನದ ಸಾಧನೆಯ ‘ಚಿನ್ನದ ಸಿಂಹ’ ಪಡೆದ ಮೊದಲ ಛಾಯಾಗ್ರಾಹಕ ಈತ. ಶನಿವಾರದ ರಾತ್ರಿ ಹುಡುಗ ಹುಡುಗಿಯರ ಡಾನ್ಸ್ ಪಾರ್ಟಿಗಳಿಗೆ ಒಂದಾದ ಮೇಲೊಂದರಂತೆ ಹೋಗಿ, ಬೆಳಗಿನ ಜಾವ ಫಿಲಂ ತೊಳೆದು, ಸಣ್ಣ ಸಣ್ಣ ಮುದ್ರಣಗಳನ್ನು ಬಣ್ಣದ ರಟ್ಟಿಗೆ ಅಂಟಿಸಿ, ಕ್ಲಬ್ಬಿನ ಹೆಸರು ತಾರೀಖು ಬರೆದು, ವಾರದ ಮೊದಲಿಗೆ ಸ್ಟುಡಿಯೋದ ಹೊರಗೆ ತೂಗುಹಾಕುತ್ತಿದ್ದ. ಹುಡುಗರು ಬಂದು ತಮ್ಮನ್ನು ಹುಡುಕಿಕೊಂಡು ಬೇಕಾದದ್ದನ್ನು ಹೇಳಿ ಮಾಡಿಸಿಕೊಳ್ಳುತ್ತಿದ್ದರು. ಆ ರಟ್ಟುಗಳು ಈಗ ಪುಸ್ತಕಗಳಲ್ಲಿ, ಮ್ಯೂಸಿಯಂಗಳಲ್ಲಿ ಇವೆ. ನನಗೆ ಸಿದಿಬೆಯ ಹಿಗ್ಗಿಸಿದ ಒಂಟಿ ಚಿತ್ರಗಳಿಗಿಂತ ಇವೇ ಹೆಚ್ಚು ಮುಖ್ಯ ಅನ್ನಿಸುತ್ತವೆ. ತೆಗೆದದ್ದೆಲ್ಲ ಅಲ್ಲಿದೆ. ತೆಗೆಸಿಕೊಂಡವರ ಆಯ್ಕೆಗೆ ಬಿದ್ದದ್ದು, ಬೀಳದೆ ಉಳಿದದ್ದು, ದುಡ್ಡಿಲ್ಲದೆ ಕೊಳ್ಳಲಾಗದ್ದು, ಜೊತೆಗಿದ್ದ ಹುಡುಗಿಯ ಮನೆಯಲ್ಲಿ ಗೊತ್ತಾದೀತೆಂದು ಕೊಳ್ಳದೆ ಬಿಟ್ಟದ್ದೂ ಇರಬಹುದು, ಎಲ್ಲ ಒಂದೇ ರಟ್ಟಿನ ಮೇಲೆ.

2016ರಲ್ಲಿ ಪ್ಯಾರಿಸ್ಸಿನ ಗ್ರಾಂ ಪಲೇಯಲ್ಲಿ ಕೇಯಿತಾನ ದೊಡ್ಡ ಪ್ರದರ್ಶನ ನಡೆದಾಗ ಹಿಗ್ಗಿಸಿದ ಚಿತ್ರಗಳ ಜೊತೆಗೆ ಆ ಕಾಲದ ಸಣ್ಣ ಮುದ್ರಣಗಳನ್ನೂ ಇಟ್ಟಿದ್ದರು. ಅಂಥ ಮುದ್ರಣಗಳಲ್ಲಿ ಕೆಲವು ಉಳಿದು ಬಂದದ್ದು ಬಮಾಕೊದ ಒಬ್ಬ ಕಟ್ಟು ಹಾಕುವವನ ಅಂಗಡಿಯಿಂದ. ಗಿರಾಕಿಗಳು ಫ್ರೇಮ್ ಹಾಕಿಸಲು ಕೊಟ್ಟು, ಮತ್ತೆ ಬಂದು ಬಿಡಿಸಿಕೊಳ್ಳದೆ ಹೋದವು. ಅವುಗಳಲ್ಲಿ ಕೆಲವಕ್ಕೆ ಮೇಲಿಂದ ಕೈಯಲ್ಲೇ ಬಣ್ಣ ಹಚ್ಚಿದ್ದಾರೆ. ಇಡೀ ಚಿತ್ರಕ್ಕಲ್ಲ. ಉಗುರುಗಳಿಗೆ, ಆಭರಣಗಳಿಗೆ ಮಾತ್ರ.